ಒಂದು ತಲೆ ಹೆಚ್ಚು

ಹಡಗು ಹತ್ತುವವರನ್ನು ಎಣಿಸುವುದು ನನ್ನ ಕೆಲಸ.
ಅಂಗೈಯಲ್ಲಿ ಅಡಗುವಷ್ಟು ಉಕ್ಕಿನ ಯಂತ್ರ,
ಹೆಬ್ಬೆರಳು ಒತ್ತಿದರೆ ಟಿಕ್, ಒಂದು ತಲೆ.
ಹಿಯೂಮಾ ದ್ವೀಪಕ್ಕೆ ಹೋಗುತ್ತ, ಬರುತ್ತ
ಇಷ್ಟೇ.
ಕಾರು, ಕುರಿ, ಶವಪೆಟ್ಟಿಗೆ ಬೇರೆ ಲೆಕ್ಕ.

ಹಳೆಯ ಯಂತ್ರ ಎರಡು ಮೂಲೆಗೆ ಬಿದ್ದಿದ್ದವು.
ಫೆಬ್ರವರಿಯಲ್ಲಿ, ಕಡಲು ಹೆಪ್ಪುಗಟ್ಟಿದಾಗ,
ಮೀಸೆಯ ಮಂಜು ಒರೆಸಿಕೊಳ್ಳುತ್ತ ಬಂದರು ಹೆಲ್ಡುರ್ ಮೇಷ್ಟ್ರು:
"ಒಂದು ವಾರಕ್ಕೆ ಕೊಡು ಮಗೂ.
ನನಗೂ ತಂಗಿಗೂ ಪಂದ್ಯ.
ದೇವರ ನೆನಪು ಯಾರಿಗೆ ಎಷ್ಟು ಸಲ ಅಂತ.
ಗೆದ್ದವರಿಗೆ ಒಂದು ಬುಟ್ಟಿ ಹೊಗೆಮೀನು."

ಸೋವಿಯತ್ತಿನ ಕಾಲದಲ್ಲಿ ಕರಿಹಲಗೆಯ ಮೇಲೆ
ದೇವರಿಲ್ಲ ಎಂದು ದುಂಡಗೆ ಬರೆದವರು ಅವರು.
ಸಂಬಳಕ್ಕಲ್ಲ, ನಂಬಿಯೇ ಬರೆದವರು.
ಲೈದಾ ಆಗ
ಬಲೆ ತುಂಬಿಟ್ಟಿದ್ದ ಇಗರ್ಜಿಯ ಹಿಂಬಾಗಿಲಿಂದ ನುಸುಳಿ
ಟಾರು, ಉಪ್ಪು, ಇಲಿಗಳ ನಡುವೆ ಮೊಣಕಾಲೂರುತ್ತಿದ್ದಳಂತೆ.
ಅಣ್ಣನಿಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.
ಒಂದೇ ಅಂಗಳ, ಒಂದೇ ಬಾವಿ.

ವಾರ ಕಳೆದು ಲೆಕ್ಕ ತೆಗೆದರು,
ನನ್ನನ್ನೂ ಕೂರಿಸಿಕೊಂಡು, ಲೈದಾಳ ಅಡುಗೆಮನೆಯಲ್ಲಿ.
ಮೇಷ್ಟರದ್ದು ಇನ್ನೂರ ಹನ್ನೆರಡು.
ಗಂಟೆ ಬಾರಿಸಿದಾಗ ಟಿಕ್.
ಮೊಣಕಾಲು ಹಿಡಿದು "ದೇವರೇ" ಅಂದಾಗ
ಇದು ಲೆಕ್ಕಕ್ಕುಂಟೋ ಇಲ್ಲವೋ ಎಂದು ತಲೆ ಕೆರೆದು, ಟಿಕ್;
ಕೆರೆದದ್ದಕ್ಕೆ ಇನ್ನೊಂದು.
ರಾತ್ರಿ ಮಲಗಿ ಕಪ್ಪು ಮಾಡಿನ ಕಡೆ ನೋಡಿ
ಮೇಲೆ ಯಾರೂ ಇಲ್ಲ, ಟಿಕ್,
ಇಲ್ಲವೇ ಇಲ್ಲ, ಟಿಕ್.
ಹಲ್ಲುಸಂದಿಗೆ ಸಿಕ್ಕ ಮೀನಮುಳ್ಳು;
ನಾಲಗೆಗೆ ಬೇರೆ ಕಸುಬೇ ಇಲ್ಲ.

ಲೈದಾಳದ್ದು ನಾಲ್ಕು.
ಅದರಲ್ಲೂ ಒಂದು
ಆಲೂಗಡ್ಡೆ ಮೂಟೆ ಕಿಸೆಗೆ ತಗುಲಿ ಬಿದ್ದದ್ದು.

"ಮೋಸ," ಎಂದರು ಮೇಷ್ಟ್ರು. "ಭಾನುವಾರ ಇಗರ್ಜಿಗೆ ಹೋಗಲಿಲ್ಲವೇ?"
"ಹೋದೆ. ಪಾದ್ರಿಯ ಕೋಟಿನ ಗುಂಡಿ ಕಿತ್ತುಬಂದಿತ್ತು,
ಅದನ್ನೇ ನೋಡುತ್ತ ಕೂತೆ."
"ಊಟಕ್ಕೆ ಮುಂಚೆ?"
"ಬಾಯಿ ಹೇಳುತ್ತೆ. ನಾನು ಸಾರಿನ ಉಪ್ಪು ಯೋಚಿಸುತ್ತೇನೆ."
"ರಾತ್ರಿ?"
"ರಾತ್ರಿ ನಿದ್ದೆ, ಅಣ್ಣ."
"ಮತ್ತೆ ನಂಬೋದು ಅಂದರೆ ಏನೇ!"
ಅವಳು ಬಾಣಲೆಯ ಮೀನು ಮಗುಚಿ ಹಾಕಿದಳು:
"ಸರಿ ಆಚೆ, ಸೀದು ಹೋಗುತ್ತೆ."

ಬುಟ್ಟಿ ಗೆದ್ದ ಮೇಷ್ಟ್ರು
ಅರ್ಧ ನನಗೇ ತಂದುಕೊಟ್ಟರು. ಗಂಟಲಲ್ಲಿ ಇಳಿಯೊಲ್ಲದಂತೆ.
ತಂಗಿಯ ಯಂತ್ರ ವಾಪಸು ಬಂತು. ಅವರದ್ದು ಬರಲಿಲ್ಲ.
ನಾನೂ ಕೇಳಲಿಲ್ಲ.

ನನಗೆ? ನನ್ನನ್ನು ಯಾರೂ ಪಂದ್ಯಕ್ಕೆ ಕರೆದಿಲ್ಲ.
ನಮ್ಮ ಮನೆಯಲ್ಲಿ ದೇವರಿದ್ದಾನೆ ಎಂದವರಿಲ್ಲ,
ಇಲ್ಲ ಎಂದವರೂ ಇಲ್ಲ.
ಅಮ್ಮ ಹವಾಮಾನ ವರದಿ ಕೇಳುತ್ತಿದ್ದಳು.

ಮೂರನೆಯ ವರ್ಷ, ನವೆಂಬರ್,
ಆಸ್ಪತ್ರೆಯಿಂದ ಮೇಷ್ಟರನ್ನು ಊರಿಗೆ ತಂದರು.
ಕಾರುಗಳ ಸಾಲಿನಲ್ಲಿ ಕಪ್ಪು ವ್ಯಾನು.
ಲೈದಾ ಮೇಲೆ ಬಂದು ಕೂರಲಿಲ್ಲ. ವ್ಯಾನಿನ ಪಕ್ಕ ನಿಂತೇ ಇದ್ದಳು,
ಅಣ್ಣನ ಓವರ್‌ಕೋಟು ತೋಳಿನ ಮೇಲೆ.
ಜೇಬಿನಿಂದ ಯಂತ್ರ ತೆಗೆದು ಕೇಳಿದಳು:
"ಕಣ್ಣು ಮಂಜು. ಎಷ್ಟಿದೆ ನೋಡು."
ಸೊನ್ನೆ, ಸೊನ್ನೆ, ಮೂರು, ಏಳು.
"ಮೂವತ್ತೇಳೇ? ಅಷ್ಟೇನೇ?"

ಹೇಳಬೇಕಾಯಿತು: ಇದಕ್ಕೆ ನಾಲ್ಕೇ ಮನೆ.
ತುಂಬಿದ ಮೇಲೆ ಮತ್ತೆ ಸೊನ್ನೆಯಿಂದ ಶುರು.
ಮೂವತ್ತೇಳು ಇರಬಹುದು,
ಹತ್ತು ಸಾವಿರದ ಮೂವತ್ತೇಳೂ ಇರಬಹುದು,
ಎಷ್ಟು ಸುತ್ತು ಬಂದರೋ ಯಂತ್ರಕ್ಕೆ ಗೊತ್ತಿಲ್ಲ.

ಇಂಜಿನ್ನು ಗುಡುಗುಟ್ಟಿತು. ಕಬ್ಬಿಣದ ನೆಲ ನಡುಗಿತು.
"ಹಟಮಾರಿ," ಎಂದಳು,
ಯಂತ್ರವನ್ನು ಶಾಲಿಗೆ ಒರೆಸಿ, ಅದೇ ಜೇಬಿಗೆ ಹಾಕಿ,
ಮೇಲಿಂದ ಗುಂಡಿ ಬಿಗಿದಳು.

ಆ ಸಂಜೆ ಹರಿದ ಟಿಕೆಟ್ಟು ನಲವತ್ತೊಂದು,
ನನ್ನ ಕೈಯಲ್ಲಿ ನಲವತ್ತೆರಡು.
ವರದಿಯಲ್ಲಿ ಬರೆದೆ:
ಚಳಿ ಜಾಸ್ತಿ, ಬೆರಳು ಜಾರಿತು.